ಮಾಗಿದ ಕಪ್ಪು, ಬಳಿದ ಕಪ್ಪು

ಮಳೆ ಹೊಳವಾದ ಒಂದು ಸಂಜೆ, ಫ್ಲೋರಿಡಾದಿಂದ ರಜೆಗೆ ಬಂದ ನನ್ನ ಸೋದರಳಿಯ ಜಗಲಿಯ ತುದಿಯಲ್ಲಿ ಕೂತು ಸಿಗಾರ್ ಸೇದುತ್ತಿದ್ದ. ಆ ಚುಟ್ಟಾ ಹೊಸಿಲು ದಾಟಿ ಒಳಗೆ ಬರಕೂಡದು ಎಂಬುದು ಅಮ್ಮನ ಕಟ್ಟಪ್ಪಣೆ. ಅರ್ಧ ಮುಗಿಯುವಷ್ಟರಲ್ಲಿ ಅವನ ಹೆಬ್ಬೆರಳಿನ ತುದಿ, ತೋರುಬೆರಳಿನ ತುದಿ, ಕೆಳತುಟಿ ಮೂರೂ ಕಂದುಗಪ್ಪಾಗಿದ್ದವು. ಕಾಫಿ ತಂದ ಅಮ್ಮ ಮೊಮ್ಮಗನ ಕೈ ನೋಡಿ, "ಯಾರ ಮನೇಲಿ ಅಡಿಕೆ ಬೇಯ್ಸೋಕ್ಕೆ ಹೋಗಿದ್ದೆ ಮಾರಾಯ? ಕೈಯೆಲ್ಲ ಚೊಗರು!" ಅಂದಳು.

ಅಮ್ಮ ತಮಾಷೆಗೆ ಅಂದದ್ದು. ರಸಾಯನಶಾಸ್ತ್ರದ ಲೆಕ್ಕಕ್ಕೆ ಅದು ಬಹುಪಾಲು ಸರಿಯಾಗಿಯೇ ಇತ್ತು. ಸಿಗಾರಿನ ಪೆಟ್ಟಿಗೆಯ ಮೇಲೆ 'ಮದುರೋ' ಎಂದು ಬರೆದಿತ್ತು. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಮಾಗಿದ್ದು, ಕಳಿತದ್ದು. ಮಾಗಿದ ವಸ್ತು ಬೆರಳಿಗೆ ಇಷ್ಟೊಂದು ಬಣ್ಣ ಬಿಡುವುದೇಕೆ ಎಂಬ ಅನುಮಾನ ನನ್ನನ್ನು ಕಾಡತೊಡಗಿತು. ನಾನು ಸೇದುವವನಲ್ಲ, ಆದರೆ ಬಣ್ಣ ಬಿಡುವ ಯಾವ ವಸ್ತು ಸಿಕ್ಕಿದರೂ ನೀರಲ್ಲಿ ನೆನೆಹಾಕಿ ನೋಡುವ ಚಟವಿದೆ.

ಮೊದಲು ಸಿಗಾರನ್ನು ಬಿಚ್ಚಿ ನೋಡೋಣ. ನಡುವೆ ಉದ್ದುದ್ದ ಮಡಿಸಿದ ಎಲೆಗಳ ಹೂರಣ. ಅದು ಬಿಚ್ಚಿಕೊಳ್ಳದಂತೆ ಬಿಗಿಯುವ ಇನ್ನೊಂದು ಗಟ್ಟಿ ಎಲೆ. ಎಲ್ಲದರ ಮೇಲೆ ಓರೆಯಾಗಿ ಸುತ್ತಿದ ರ್ಯಾಪರ್, ಅಂದರೆ ಹೊದಿಕೆ ಎಲೆ. ಕ್ಯೂಬಾದವರು ಇದನ್ನು 'ಕಾಪಾ' ಅನ್ನುತ್ತಾರೆ, ಮೇಲ್ವಸ್ತ್ರ. ಸಿಗಾರಿನ ತೂಕದಲ್ಲಿ ಇದರ ಪಾಲು ತೀರ ಕಡಿಮೆ. ಬೆಲೆಯಲ್ಲಿ ಮಾತ್ರ ಇದೇ ಯಜಮಾನ. ತೂತಿರಕೂಡದು, ಹುಳ ತಿಂದ ಗುರುತಿರಕೂಡದು, ನರಗಳು ಎದ್ದು ಕಾಣಕೂಡದು, ಎಳೆದರೆ ಹಿಗ್ಗಬೇಕು, ತುದಿಯಿಂದ ತುದಿಗೆ ಒಂದೇ ಬಣ್ಣವಿರಬೇಕು. ಹೆಣ್ಣು ನೋಡಲು ಬಂದವರೂ ಇಷ್ಟು ಷರತ್ತು ಹಾಕುವುದಿಲ್ಲ. ಹವಾನಾದ ಕಾರ್ಖಾನೆಗಳಲ್ಲಿ ಬಣ್ಣ ನೋಡಿ ವಿಂಗಡಿಸುವುದಕ್ಕೆಂದೇ ಬೇರೆ ಕೆಲಸಗಾರರಿದ್ದಾರೆ. ನಮ್ಮ ಕಣ್ಣಿಗೆ ಬರೀ ಕಂದು ಎನಿಸುವುದರಲ್ಲಿ ಅವರು ಹತ್ತಾರು ಛಾಯೆ ಗುರುತಿಸುತ್ತಾರೆ. ಒಂದು ಪೆಟ್ಟಿಗೆಯೊಳಗೂ ಕಪ್ಪಿನಿಂದ ತಿಳಿಗೆ ಇಳಿಯುವಂತೆ ಸಾಲು ಜೋಡಿಸುತ್ತಾರೆ. ಹಸಿರಾಗಿಯೇ ಉಳಿದದ್ದು ಕಂಡೇಲಾ, ತಿಳಿಗಂದು ಕ್ಲಾರೋ, ಕೆಂಗಂದು ಕೊಲೊರಾಡೋ, ಗಾಢಗಂದು ಮದುರೋ, ಇದ್ದಿಲಿನ ಹತ್ತಿರದ್ದು ಒಸ್ಕೂರೋ.

ಎಲೆಯ ಜಾತಿಯಿಂದ ಈ ಛಾಯೆಗಳು ಬರುವುದು ಸ್ವಲ್ಪ ಮಟ್ಟಿಗೆ ಮಾತ್ರ. ಉಳಿದದ್ದೆಲ್ಲ ಕೊಯ್ಲಾದ ಮೇಲೆ ಎಲೆಗೆ ಏನಾಯಿತು, ಎಷ್ಟು ದಿನ ಆಯಿತು ಎಂಬುದರ ಕಥೆ. ಅಮೆರಿಕದ ಕನೆಕ್ಟಿಕಟ್ ನದಿಯ ಕಣಿವೆಯಲ್ಲಿ ಎರಡು ಬಗೆಯ ಹೊದಿಕೆ ಎಲೆ ಬೆಳೆಯುತ್ತ ಬಂದಿದ್ದಾರೆ. ಒಂದು, 1900ರಲ್ಲಿ ವಿಂಡ್ಸರ್ ಎಂಬಲ್ಲಿ ಸುಮಾತ್ರಾದ ಬೀಜ ತಂದು, ಬಟ್ಟೆಯ ಚಪ್ಪರದ ನೆರಳಲ್ಲಿ ಬೆಳೆಸಿ ನೋಡಿದ ತೆಳು ಎಲೆ. 1944ರ ಬೇಸಿಗೆಯಲ್ಲಿ ಅಟ್ಲಾಂಟಾದಿಂದ ಬಂದ 15ರ ಹುಡುಗ ಮಾರ್ಟಿನ್ ಲೂಥರ್ ಕಿಂಗ್ ಕಾಲೇಜಿನ ಖರ್ಚಿಗೆಂದು ದುಡಿದದ್ದು ಇದೇ ಕಣಿವೆಯ ಸಿಮ್ಸ್‌ಬರಿಯ ಹೊಗೆಸೊಪ್ಪಿನ ಹೊಲದಲ್ಲಿ. ಇನ್ನೊಂದು, ಚಪ್ಪರ ಗಿಪ್ಪರ ಏನೂ ಇಲ್ಲದೆ ಬಿಸಿಲು ಕುಡಿದು ಬೆಳೆಯುವ ಬ್ರಾಡ್‌ಲೀಫ್. ಅಗಲ, ದಪ್ಪ, ಮುಟ್ಟಿದರೆ ಎಣ್ಣೆ ಸವರಿದಂತೆ. ಮದುರೋ ಆಗುವುದು ಹೆಚ್ಚಾಗಿ ಈ ಜಾತಿಯದು. ಮೆಕ್ಸಿಕೋದ ಸಾನ್ ಆಂದ್ರೆಸ್ ಕಣಿವೆಯ ಎಲೆಯೂ ಇದೇ ಗುಂಪಿಗೆ ಸೇರುತ್ತದೆ.

ಬ್ರಾಡ್‌ಲೀಫ್ ಗಿಡವನ್ನು ಬುಡಸಮೇತ ಕಡಿದು, ಕೋಲಿಗೆ ಪೋಣಿಸಿ, ಹಲಗೆಗಳ ಸಂದಿಯಿಂದ ಗಾಳಿಯಾಡುವ ದೊಡ್ಡ ಕೊಟ್ಟಿಗೆಯಲ್ಲಿ ತಲೆಕೆಳಗಾಗಿ ನೇತುಹಾಕುತ್ತಾರೆ. ಕಡಿದ ಗಿಡ ಕೂಡಲೇ ಸಾಯುವುದಿಲ್ಲ. ವಾರಗಟ್ಟಲೆ ಉಸಿರಾಡುತ್ತಲೇ ಇರುತ್ತದೆ, ಹಸಿದು ತನ್ನೊಳಗಿನ ಪಿಷ್ಟ, ಸಕ್ಕರೆಯನ್ನೇ ತಿಂದು ಮುಗಿಸುತ್ತದೆ. ಪತ್ರಹರಿತ್ತು ಒಡೆದು ಹೋದಂತೆ, ಅದರ ಹಿಂದೆ ಮೊದಲಿನಿಂದಲೂ ಅಡಗಿದ್ದ ಕೆರೊಟಿನಾಯ್ಡ್‌ಗಳ ಹಳದಿ ಮುಂದೆ ಬರುತ್ತದೆ. ಆಮೇಲೆ ಕಂದು. ಹಸಿರು ಇರುವಾಗಲೇ ಬಿಸಿಗಾಳಿ ಹಾಯಿಸಿ ಸರ್ರನೆ ಒಣಗಿಸಿಬಿಟ್ಟರೆ ಎಲೆಗೆ ಬಣ್ಣ ಬದಲಿಸಲು ಪುರುಸೊತ್ತೇ ಸಿಗುವುದಿಲ್ಲ. ಅದೇ ಕಂಡೇಲಾ.

ಕಂದು ಬರುವ ಬಗೆಯನ್ನು ನೋಡಲು ಕನೆಕ್ಟಿಕಟ್‌ವರೆಗೆ ಹೋಗಬೇಕಿಲ್ಲ. ಬದನೆಕಾಯಿ ಹೆಚ್ಚಿ ಮಣೆಯ ಮೇಲೆ ಬಿಟ್ಟು ಒಗ್ಗರಣೆಗೆ ಸಾಸಿವೆ ಹುಡುಕುವಷ್ಟರಲ್ಲಿ ಹೋಳು ಕಂದು ತಿರುಗಿರುತ್ತದೆ. ಬದನೆಯಲ್ಲಿ ಕ್ಲೋರೊಜೆನಿಕ್ ಆಮ್ಲ ಎಂಬ ಪಾಲಿಫಿನಾಲ್ ಇದೆ. ಜೀವಕೋಶ ಒಡೆದಾಗ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಅದಕ್ಕೆ ಗಾಳಿಯ ಆಮ್ಲಜನಕವನ್ನು ತಗುಲಿಸಿ ಕ್ವಿನೋನ್ ಮಾಡುತ್ತದೆ. ಕ್ವಿನೋನ್ ಸುಮ್ಮನೆ ಕೂರುವ ಜಾಯಮಾನದ್ದಲ್ಲ. ಒಂದಕ್ಕೊಂದು ಕೈಕೊಡುತ್ತ, ಪಕ್ಕದ ಅಮೈನೋ ಆಮ್ಲ, ಪ್ರೋಟೀನುಗಳನ್ನೂ ಎಳೆದುಕೊಳ್ಳುತ್ತ ದೊಡ್ಡ ದೊಡ್ಡ ಕಂದು ಅಣುಗಳಾಗಿ ಹೆಣೆದುಕೊಳ್ಳುತ್ತದೆ. ಹೊಗೆಸೊಪ್ಪಿನಲ್ಲೂ ಇದೇ ಕ್ಲೋರೊಜೆನಿಕ್ ಆಮ್ಲ ಇದೆ, ಜೊತೆಗೆ ರುಟಿನ್. ಇಲ್ಲಿ ಹುಟ್ಟುವ ಬಣ್ಣವೂ ಎಲೆಯ ಮೇಲೆ ಕೂತ ಪುಡಿಯಲ್ಲ, ಎಲೆಯ ಅಂಗಾಂಶಕ್ಕೇ ಹೊಲಿದ ನೂಲು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಒಣಗಿದ ಎಲೆ ಇನ್ನೂ ಮದುರೋ ಅಲ್ಲ. ನಿಜವಾದ ಕೆಲಸ ಶುರುವಾಗುವುದು 'ಪಿಲೋನ್'ನಲ್ಲಿ. ಎಲೆಗಳಿಗೆ ಹದವಾಗಿ ತೇವ ಕೊಟ್ಟು, ಕಟ್ಟು ಕಟ್ಟಿ, ಎದೆಯೆತ್ತರಕ್ಕೆ ಒಟ್ಟುತ್ತಾರೆ. ಸಾವಿರಾರು ಕಿಲೋ ತೂಕದ ಮೆದೆ. ಹಸಿ ಹುಲ್ಲಿನ ಬಣವೆಗೋ ತಿಪ್ಪೆಗೋ ಕೈ ತೂರಿಸಿ ನೋಡಿದವರಿಗೆ ಮುಂದಿನದು ಗೊತ್ತು: ಒಳಗೆ ಕಾವು ಏರುತ್ತದೆ. ಮೆದೆಯ ಹೊಟ್ಟೆಗೆ ಉದ್ದನೆಯ ಉಷ್ಣಮಾಪಕ ಚುಚ್ಚಿಟ್ಟಿರುತ್ತಾರೆ. ಕಾವು ಗೊತ್ತಾದ ಮಟ್ಟ ಮುಟ್ಟಿದಾಗ ಮೆದೆಯನ್ನು ಪೂರಾ ಬಿಚ್ಚಿ, ಒಳಗಿನದು ಹೊರಗೆ, ಹೊರಗಿನದು ಒಳಗೆ ಬರುವಂತೆ ಮತ್ತೆ ಒಟ್ಟುತ್ತಾರೆ. ತೆಳು ಎಲೆಯ ಮೆದೆಯನ್ನು ಬೇಗ ತಿರುವುತ್ತಾರೆ. ಮದುರೋ ಬೇಕೆಂದರೆ 60 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರಲು ಬಿಡುತ್ತಾರೆ, ಮತ್ತೆ ಮತ್ತೆ ಬಿಡುತ್ತಾರೆ, ತಿಂಗಳುಗಟ್ಟಲೆ. ಮೆದೆ ಬಿಚ್ಚಿದಾಗ ಅಮೋನಿಯಾ ಕಣ್ಣಿಗೆ ಹೊಡೆಯುತ್ತದೆ. ಪ್ರೋಟೀನು ಮುರಿದು ಬರುವ ವಾಸನೆ ಅದು. 1912ರಲ್ಲಿ ಲೂಯಿ ಕಮೀ ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ ವಿವರಿಸಿದ, ರೊಟ್ಟಿಯ ಸುಟ್ಟ ಚುಕ್ಕೆಯಲ್ಲೂ ಹುರಿದ ಕಾಫಿ ಬೀಜದಲ್ಲೂ ನಡೆಯುವ ಕ್ರಿಯೆ, ಅಂದರೆ ಸಕ್ಕರೆ ಮತ್ತು ಅಮೈನೋ ಆಮ್ಲಗಳ ಕೂಡಾಟ, ಇಲ್ಲಿ ಆಮೆಯ ವೇಗದಲ್ಲಿ ನಡೆಯುತ್ತದೆ. ಕಾವಲಿಯ ಮೇಲೆ ಎರಡು ನಿಮಿಷದ್ದು ಇಲ್ಲಿ ಎರಡು ಋತುವಿನದು.

ಇದನ್ನೆಲ್ಲ ಮಾಡುವವರು ಯಾರು ಎಂಬುದರ ಬಗ್ಗೆ ಒಂದು ಕಾಲಕ್ಕೆ ಭಾರಿ ಜಗಳವಿತ್ತು. 1891ರಲ್ಲಿ ಎಮಿಲ್ ಸುಖ್ಸ್‌ಲಾಂಟ್ ಎಂಬ ಜರ್ಮನ್ ಸಸ್ಯವಿಜ್ಞಾನಿ, ಇದು ಬ್ಯಾಕ್ಟೀರಿಯಾಗಳ ಕೆಲಸ, ಒಳ್ಳೆಯ ತಂಬಾಕಿನ ಬ್ಯಾಕ್ಟೀರಿಯಾವನ್ನು ಸಾದಾ ಜರ್ಮನ್ ಎಲೆಗೆ ಹಾಕಿದರೆ ಅದರ ರುಚಿಯೂ ಏರುತ್ತದೆ ಎಂದ. ಪಕ್ಕದ ಮನೆಯಿಂದ ಹೆಪ್ಪು ತಂದಂತೆ! ಅಮೆರಿಕದ ಕೃಷಿ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಆಸ್ಕರ್ ಲೋವ್ ಇದನ್ನು ಒಪ್ಪಲಿಲ್ಲ. ಎಲೆಯ ಸ್ವಂತ ಕಿಣ್ವಗಳೇ ಸಾಕು ಎಂದು ವಾದಿಸಿದ. ಹೊಗೆಸೊಪ್ಪಿನ ಕಿಣ್ವಗಳ ಬೆನ್ನು ಹತ್ತಿದ ಲೋವ್‌ಗೆ, ಹೈಡ್ರೋಜನ್ ಪೆರಾಕ್ಸೈಡನ್ನು ಬುರುಬುರು ನೊರೆಯೆಬ್ಬಿಸಿ ಒಡೆಯುವ ಒಂದು ಕಿಣ್ವ ಬೇರೆಯಾಗಿಯೇ ಕಂಡಿತು. 1901ರಲ್ಲಿ ಅದಕ್ಕೆ 'ಕ್ಯಾಟಲೇಸ್' ಎಂದು ಹೆಸರಿಟ್ಟ. ಇವತ್ತು ಪಿಯುಸಿ ಪ್ರಯೋಗಾಲಯದಲ್ಲಿ ಆಲೂಗಡ್ಡೆ ಚೂರಿನ ಮೇಲೆ ಪೆರಾಕ್ಸೈಡ್ ಸುರಿದು ನೊರೆ ನೋಡುವ ಮಕ್ಕಳಿಗೆ, ಆ ಹೆಸರಿನ ಹಿಂದೆ ಸಿಗಾರಿನ ಎಲೆಯಿದೆ ಎಂದು ಯಾರೂ ಹೇಳುವುದಿಲ್ಲ. ಜಗಳದಲ್ಲಿ ಗೆದ್ದವರು ಯಾರು ಅಂದರೆ, ಇಬ್ಬರೂ. ಪಿಲೋನ್‌ನೊಳಗೆ ಬ್ಯಾಕ್ಟೀರಿಯಾ ಇವೆ, ಕಿಣ್ವಗಳೂ ಇವೆ, ಇಬ್ಬರೂ ಇಲ್ಲದೆ ನಡೆಯುವ ಬರೀ ರಾಸಾಯನಿಕ ಕ್ರಿಯೆಗಳೂ ಇವೆ.

ಮದುರೋ ಸಿಹಿ ಎಂದು ಸೇದುವವರು ಹೇಳುತ್ತಾರೆ. ಆದರೆ ಕೊಟ್ಟಿಗೆಯಲ್ಲೇ ಹಸಿದು ಸಕ್ಕರೆ ಮುಗಿಸಿಕೊಂಡ ಎಲೆಯಲ್ಲಿ ಸಿಹಿ ಮಾಡುವಷ್ಟು ಸಕ್ಕರೆ ಉಳಿದಿರುವುದಿಲ್ಲ. ಅವರಿಗೆ ಸಿಕ್ಕುವುದು ಸಿಹಿಯ ನೆನಪು ತರುವ ಪರಿಮಳ. ಮೈಯಾರ್ ಕ್ರಿಯೆ ಕೊಡುವ, ಕೋಕೋ ಮತ್ತು ಕಾಫಿಯಲ್ಲೂ ಇರುವ ಪೈರಜೀನ್‌ಗಳು, ಕೆರೊಟಿನಾಯ್ಡ್ ಒಡೆದು ಬರುವ ಹೂವಿನ, ಒಣಹಣ್ಣಿನ ವಾಸನೆಯ ಅಣುಗಳು. ಬಣ್ಣ ಮತ್ತು ಪರಿಮಳ ಒಂದೇ ಒಲೆಯಲ್ಲಿ ಬೆಂದವು. ಕಪ್ಪು ನೋಡಿದ ಗಿರಾಕಿಯ ಮೂಗು ಪರಿಮಳವನ್ನು ನಿರೀಕ್ಷಿಸುವುದು ಅದಕ್ಕೇ.

ಮೋಸಕ್ಕೆ ಬಾಗಿಲು ತೆರೆಯುವುದೂ ಇಲ್ಲೇ. ಮದುರೋ ಮಾಡುವುದೆಂದರೆ ದುಡ್ಡನ್ನು ಮೆದೆ ಒಟ್ಟಿ ಕಾಯುವುದು. ಜಾಗ ಬೇಕು, ಆಳು ಬೇಕು, ಸಾಲದ ಬಡ್ಡಿ ಓಡುತ್ತಿರುತ್ತದೆ. ಅಷ್ಟು ಕಾವು ತಡೆಯಲಾರದೆ ಎಷ್ಟೋ ಎಲೆ ಹರಿದು, ತೂತಾಗಿ, ಹೊದಿಕೆಯ ಪದವಿ ಕಳೆದುಕೊಂಡು ಹೂರಣಕ್ಕೆ ಇಳಿಯುತ್ತದೆ. ಉಳಿದದ್ದರಲ್ಲೂ ಕಪ್ಪು ಸಮನಾಗಿ ಬರುವುದಿಲ್ಲ. ಅಲ್ಲಲ್ಲಿ ಮೋಡ ಕವಿದಂತೆ ಇರುತ್ತದೆ. ಗಿರಾಕಿಗೋ ಕನ್ನಡಿಯಂತೆ ಸಮನಾದ ಕಪ್ಪೇ ಬೇಕು. 1990ರ ದಶಕದಲ್ಲಿ ಅಮೆರಿಕದಲ್ಲಿ ಸಿಗಾರ್ ಹುಚ್ಚು ಹತ್ತಿ, ಬೇಡಿಕೆ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿದಾಗ ಹೊದಿಕೆ ಎಲೆಗೆ ಹಾಹಾಕಾರವೆದ್ದಿತು. ಒಂದೆರಡು ವರ್ಷ ಕಾಯಬೇಕಾದ ಎಲೆಗೆ ಅಷ್ಟು ದಿನ ಕಾಯುವ ವ್ಯಾಪಾರಿ ಆಗ ಎಲ್ಲಿ?

ಅಡ್ಡದಾರಿಗಳಲ್ಲಿ ಮೊದಲನೆಯದು ಬೇಯಿಸುವುದು. ಎಲೆಯನ್ನು ಹಬೆಯಲ್ಲಿಟ್ಟು, ಕೆಲವೊಮ್ಮೆ ಒತ್ತಡವನ್ನೂ ಸೇರಿಸಿ ಕಪ್ಪಾಗಿಸುತ್ತಾರೆ. ಕುಕ್ಕರ್ ವಿದ್ಯೆ. ಬಣ್ಣ ಬರುತ್ತದೆ, ಕಿಣ್ವ ಮತ್ತು ಬ್ಯಾಕ್ಟೀರಿಯಾ ಸಾಯುತ್ತವೆ, ನಿಧಾನವಾಗಿ ಹುಟ್ಟಬೇಕಾದ ಪರಿಮಳ ಹುಟ್ಟುವುದಿಲ್ಲ. ಎರಡನೆಯದು ಬಳಿಯುವುದು: ಕ್ಯಾರಮೆಲ್, ಕಾಕಂಬಿ, ಕಾಫಿ ಕಷಾಯ, ತಿನ್ನುವ ಬಣ್ಣ. ಇವೆರಡರ ನಡುವೆ ಮೂರನೆಯದೊಂದಿದೆ, ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನ್ನಿಸುವುದು ಅದೇ. 'ಬೆಟೂನ್'. ಸ್ಪ್ಯಾನಿಷ್ ಮಾತಾಡುವವರ ಮನೆಯಲ್ಲಿ ಬೆಟೂನ್ ಎಂದರೆ ಬೂಟ್ ಪಾಲಿಶ್! ಹೊಗೆಸೊಪ್ಪಿನ ಕೊಟ್ಟಿಗೆಯಲ್ಲಿ ಬೆಟೂನ್ ಎಂದರೆ ಎಲೆಯ ದಂಟು, ನಡುನರ, ಚೂರುಪಾರುಗಳನ್ನು ನೀರಲ್ಲಿ ನೆನೆಸಿ ಕೊಳೆಸಿ ತೆಗೆದ ಕಂದುಗಪ್ಪು ರಸ. ಅದನ್ನು ಎಲೆಗೆ ಸಿಂಪಡಿಸುತ್ತಾರೆ.

ಚೊಗರು ಅಂದರೆ ಇದಲ್ಲದೆ ಇನ್ನೇನು? ಮಲೆನಾಡಿನ ಅಂಗಳಗಳಲ್ಲಿ ಸುಗ್ಗಿ ಕಾಲಕ್ಕೆ ಎಳೆಯ ಅಡಿಕೆ ಸುಲಿದು ತಾಮ್ರದ ಹಂಡೆಯಲ್ಲಿ ಬೇಯಿಸುತ್ತಾರೆ. ಅಡಿಕೆ ತೆಗೆದ ಮೇಲೆ ಉಳಿಯುವ ಕೆಂಪು ನೀರನ್ನು ಚೆಲ್ಲುವುದಿಲ್ಲ. ಮರುದಿನದ ಅಡಿಕೆ ಅದರಲ್ಲೇ ಬೇಯುತ್ತದೆ, ಅದರ ಮರುದಿನದ್ದೂ ಅದರಲ್ಲೇ. ನೀರು ದಿನದಿಂದ ದಿನಕ್ಕೆ ಮಂದವಾಗಿ ಅಂಟಂಟು ಚೊಗರಾಗುತ್ತದೆ. ಕೈಗೆ ಹತ್ತಿದರೆ ನಿಂಬೆಹುಳಿಗೂ ಜಗ್ಗುವುದಿಲ್ಲ. ನಾವು ಶಾಲೆಗೆ ಹೋಗುತ್ತಿದ್ದಾಗ ಯಾರ ಮನೆಯಲ್ಲಿ ಕೊಯ್ಲು ಶುರುವಾಗಿದೆ ಎಂಬುದು ಮಕ್ಕಳ ಬೆರಳು ನೋಡಿದರೆ ಮೇಷ್ಟರಿಗೆ ತಿಳಿಯುತ್ತಿತ್ತು. ಇದೂ ಪಾಲಿಫಿನಾಲ್‌ಗಳ ಆಟ. ಎಳೆ ಅಡಿಕೆಯಲ್ಲಿ ಒಗರಿನ ಅಣುಗಳು ಹೆಚ್ಚು, ಬೆಂದು, ಗಾಳಿಗೆ ಒಡ್ಡಿ, ಬಿಸಿಲಿಗೆ ಒಣಗಿ ಕೆಂಪಾಗುತ್ತವೆ. ಚೊಗರು ಹಾಕಿದ ರಾಶಿ ಅಡಿಕೆಯನ್ನು ಯಾರೂ ಮೋಸ ಎನ್ನುವುದಿಲ್ಲ. ಅದೇ ಹಣ್ಣಡಿಕೆಯ ಬಿಳಿ ಚಾಲಿಗೋ ಮುಗ್ಗಲು ಮಾಲಿಗೋ ಕೆಮ್ಮಣ್ಣೋ ರೆಡ್ ಆಕ್ಸೈಡೋ ಬಳಿದು ಕೆಂಪಡಿಕೆ ಎಂದು ಮಂಡಿಗೆ ತಂದರೆ ವ್ಯಾಪಾರಿ ಒದ್ದೆ ಬಟ್ಟೆಯಲ್ಲಿ ಉಜ್ಜಿ ನೋಡಿ ಮುಖಕ್ಕೆ ಎಸೆಯುತ್ತಾನೆ.

ಗೆರೆ ಎಲ್ಲಿದೆ ಹಾಗಾದರೆ? ಅದೇ ಗಿಡದ ರಸವಾದರೆ ನ್ಯಾಯ, ಬೇರೆಯದಾದರೆ ಅನ್ಯಾಯ ಎಂದು ಬೆಟೂನ್ ಹಾಕುವ ಬೆಳೆಗಾರರು ವಾದಿಸುತ್ತಾರೆ. ನನಗದು ಪೂರ್ತಿ ಒಪ್ಪಿಗೆಯಿಲ್ಲ. ನಾನು ನೋಡುವುದು ಬಣ್ಣ ಬಿದ್ದ ಹೊತ್ತನ್ನು. ಚೊಗರು ಬೀಳುವುದು ಅಡಿಕೆ ಬೇಯುವಾಗ; ಆಮೇಲೆ ವಾರಗಟ್ಟಲೆ ಅಟ್ಟದ ಮೇಲಿನ ಬಿಸಿಲು ಅದನ್ನು ಅಡಿಕೆಗೇ ಕೂರಿಸುತ್ತದೆ. ಬೆಟೂನನ್ನು ಪಿಲೋನ್ ಒಟ್ಟುವ ಮೊದಲು ಸಿಂಪಡಿಸಿದರೆ, ಅದರಲ್ಲಿರುವ ಸೂಕ್ಷ್ಮಜೀವಿಗಳು, ತೇವ, ಪಾಲಿಫಿನಾಲ್ ಎಲ್ಲವೂ ಮೆದೆಯ ಕಾವಿನಲ್ಲಿ ತಿಂಗಳುಗಟ್ಟಲೆ ದುಡಿಯುತ್ತವೆ. ಅದು ಹೆಪ್ಪು. ಅದೇ ರಸವನ್ನು ಸಿಗಾರ್ ಸುತ್ತುವ ಹಿಂದಿನ ವಾರ ಸ್ಪಂಜಿನಲ್ಲಿ ಒರೆಸಿದರೆ ಅದು ಬೂಟ್ ಪಾಲಿಶ್. ವಸ್ತು ಒಂದೇ, ಅದಕ್ಕೆ ಮುಂದೆ ಕೆಲಸ ಉಳಿದಿತ್ತೇ ಇಲ್ಲವೇ ಎಂಬುದು ಮಾತ್ರ ಬೇರೆ. ಪೇಟೆಯಲ್ಲಿ ಈ ವ್ಯತ್ಯಾಸ ಬರೆದುಕೊಳ್ಳುವ ಪೆಟ್ಟಿಗೆಯನ್ನು ನಾನಂತೂ ನೋಡಿಲ್ಲ.

ಕ್ಯಾರಮೆಲ್ ಬಣ್ಣದ ವಿಷಯದಲ್ಲಿ ಒಂದು ತಮಾಷೆಯಿದೆ. ತಂಪು ಪಾನೀಯಗಳಿಗೂ ಬಿಯರಿಗೂ ಹಾಕುವ ಕ್ಯಾರಮೆಲ್ ಬಣ್ಣಗಳಲ್ಲಿ ಕೆಲವನ್ನು ಮಾಡುವುದು ಸಕ್ಕರೆಗೆ ಅಮೋನಿಯಾ ಸೇರಿಸಿ ಕಾಯಿಸಿ. ಪಿಲೋನ್‌ನೊಳಗೆ ಅಮೋನಿಯಾದ ಘಾಟಿನ ನಡುವೆ ನಡೆಯುವುದಕ್ಕೆ ಇದು ದಾಯಾದಿ. ಅಂದರೆ ಕ್ಯಾರಮೆಲ್ ಬಳಿದ ಸಿಗಾರಿಗೂ ಕಾವು ಸಿಕ್ಕಿದೆ, ಆದರೆ ಇನ್ನೆಲ್ಲೋ ಒಂದು ಕಾರ್ಖಾನೆಯ ಪಾತ್ರೆಯಲ್ಲಿ, ಇನ್ಯಾರದೋ ಸಕ್ಕರೆಗೆ. ಯಂತ್ರದಲ್ಲಿ ಸುತ್ತುವ ಅಗ್ಗದ ಸಿಗಾರುಗಳದು ಇನ್ನೂ ಸಲೀಸು. ಅವುಗಳಲ್ಲಿ ಎಷ್ಟಕ್ಕೋ ಹೊದಿಕೆ ಎಲೆಯೇ ಇಲ್ಲ. ತಂಬಾಕಿನ ಪುಡಿಯನ್ನು ಅಂಟಿನೊಡನೆ ಕಲಸಿ ಹಪ್ಪಳದಂತೆ ಹಾಳೆ ಎಳೆದಿರುತ್ತಾರೆ. ಬಣ್ಣ ಕಲಸುವಾಗಲೇ ಸೇರಿಸಿದರಾಯಿತು.

ಅಳಿಯನ ಸಿಗಾರಿಗೆ ವಾಪಸು ಬರುತ್ತೇನೆ. ಅವನ ಬಳಿ ಇನ್ನೊಂದು ಪೆಟ್ಟಿಗೆಯಲ್ಲಿ ಬ್ರಾಡ್‌ಲೀಫ್ ಹೊದಿಕೆಯ ಬೇರೆ ಸಿಗಾರಿತ್ತು. ಅಷ್ಟು ಕಪ್ಪಲ್ಲ, ಮೈಮೇಲೆ ಮೋಡ ಮೋಡ, ನರಗಳು ಬೇರೆಯೇ ಛಾಯೆಯಲ್ಲಿ ಕಾಣುತ್ತಿದ್ದವು. ಮೊದಲನೆಯದರಲ್ಲಿ ನರ, ಎಲೆ, ಅಂಟು ಹಾಕಿದ ತುದಿ ಎಲ್ಲವೂ ಒಂದೇ ಕಪ್ಪು. ಎರಡರಿಂದಲೂ ಹೆಬ್ಬೆರಳಗಲದ ಹೊದಿಕೆ ಬಿಡಿಸಿ ಎರಡು ಗಾಜಿನ ಲೋಟದ ಉಗುರುಬೆಚ್ಚಗಿನ ನೀರಿಗೆ ಹಾಕಿದೆ. ಮೊದಲನೆಯದರಿಂದ ಕೂಡಲೇ ಕಪ್ಪು ಎಳೆಗಳು ಹೊಗೆಯಂತೆ ತಳಕ್ಕಿಳಿದವು. ಐದು ನಿಮಿಷಕ್ಕೆ ಲೋಟದ ತುಂಬ ಕಾಫಿ ಡಿಕಾಕ್ಷನ್. ಎರಡನೆಯ ಲೋಟ ಅರ್ಧ ಗಂಟೆಯಾದ ಮೇಲೆ ತೆಳು ಚಹಾದ ಬಣ್ಣಕ್ಕೆ ತಿರುಗಿತು. ಎಲೆಗಳನ್ನು ತೆಗೆದು ಪೇಪರಿನ ಮೇಲೆ ಒಣಗಿಸಿದಾಗ, ಎರಡನೆಯದು ನೆನೆಹಾಕುವ ಮುಂಚಿನಷ್ಟೇ ಕಪ್ಪಾಗಿತ್ತು. ಮೊದಲನೆಯದು ಒಗೆದ ಗೋಣಿಚೀಲದಂತೆ ತಿಳಿಗಂದು.

ಕಾಫಿ ಸೋಸುವ ಕಾಗದದ ಪಟ್ಟಿಗೆ ಎರಡೂ ನೀರಿನ ಒಂದೊಂದು ತೊಟ್ಟು ಹಾಕಿ, ಪಟ್ಟಿಯ ತುದಿ ನೀರಿಗೆ ತಾಗಿಸಿ ನಿಲ್ಲಿಸಿದೆ. ನೀರು ಕಾಗದದಲ್ಲಿ ಮೇಲೇರುವಾಗ ಚಿಕ್ಕ, ನೀರಿಗೆ ಒಗ್ಗುವ ಅಣುಗಳು ಜೊತೆಗೆ ಓಡುತ್ತವೆ, ದೊಡ್ಡ ಹೆಣೆದ ಅಣುಗಳು ಕಾಲೆಳೆಯುತ್ತವೆ. ಬ್ರಾಡ್‌ಲೀಫಿನ ತೊಟ್ಟು ಇದ್ದಲ್ಲೇ ಕಂದು ಕಲೆಯಾಗಿ ಉಳಿದು, ಸ್ವಲ್ಪ ಹಳದಿಯನ್ನು ಮಾತ್ರ ಮೇಲಕ್ಕೆ ಕಳಿಸಿತು. ಇನ್ನೊಂದರಲ್ಲಿ ಕಂದು ಪೂರಾ ನೀರಿನ ಬೆನ್ನೇರಿ ಹೋಗಿ, ತುದಿಯಲ್ಲಿ ಕೆಂಪಂಚಿನ ಪಟ್ಟಿ ಕಟ್ಟಿತು. ಅಂಗಾಂಶಕ್ಕೆ ಹೊಲಿದ ಬಣ್ಣಕ್ಕೂ ಮೇಲೆ ಸವರಿದ್ದಕ್ಕೂ ಇರುವ ಭೇದ ಇದೇ. ಬಟ್ಟೆಗೆ ಬಣ್ಣ ಹಾಕುವವರು ಪಟಿಕ ಹಾಕಿ ಬಣ್ಣ ಕಚ್ಚಿಸುತ್ತಾರೆ. ತಿನ್ನುವ ಬಣ್ಣ ಸವರಿದ ಎಲೆಗೆ ಅಂಥ ಹಿಡಿತವಿಲ್ಲ. ಹಾಗಂತ ಒದ್ದೆ ಬೆರಳಿಗೆ ಕಂದು ಹತ್ತಿದ ಮಾತ್ರಕ್ಕೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಅಪ್ಪಟ ಮದುರೋ ಕೂಡ ಸ್ವಲ್ಪ ಬಣ್ಣ ಬಿಡುತ್ತದೆ. ಹೆಣೆಯದೆ ಉಳಿದ ಸಣ್ಣ ಅಣುಗಳು ಅದರಲ್ಲೂ ಇರುತ್ತವೆ. ನೋಡಬೇಕಾದದ್ದು, ಬಿಟ್ಟ ಮೇಲೆ ಎಲೆಯಲ್ಲಿ ಏನು ಉಳಿಯಿತು ಎಂಬುದನ್ನು.

ಕಪ್ಪಿದ್ದರೆ ಕಡಕ್ಕು ಎಂದು ಅಳಿಯ ನಂಬಿದ್ದ. ಬಳಿದದ್ದಕ್ಕಿರಲಿ, ಮಾಗಿದ್ದಕ್ಕೂ ಅದು ನಿಜವಲ್ಲ. ದೀರ್ಘ ಹುದುಗುವಿಕೆಯಲ್ಲಿ ನಿಕೋಟಿನ್ ಕಡಿಮೆಯಾಗುತ್ತದೆ, ಜಾಸ್ತಿಯಾಗುವುದಿಲ್ಲ. ಕಡಕ್ಕುತನ ನಿಂತಿರುವುದು ಹೆಚ್ಚಾಗಿ ಒಳಗಿನ ಹೂರಣದಲ್ಲಿ ಗಿಡದ ಮೇಲ್ತುದಿಯ ಎಲೆ ಎಷ್ಟಿದೆ ಎಂಬುದರ ಮೇಲೆ. ಬಣ್ಣದ ಮೋಹವಂತೂ ಊರಿಗೊಂದು, ಕಾಲಕ್ಕೊಂದು. 1960ರ ದಶಕದವರೆಗೂ ಅಮೆರಿಕದವರಿಗೆ ಹಸಿರು ಕಂಡೇಲಾ ಎಂದರೆ ಪ್ರಾಣ. ಕ್ಯೂಬಾದವರು ಅದಕ್ಕೆ 'ಅಮೆರಿಕನ್ ಪೇಟೆಯ ಆಯ್ಕೆ' ಎಂದೇ ಹೆಸರಿಟ್ಟಿದ್ದರು. ಮಂಡ್ಯದ ಆಲೆಮನೆಯಲ್ಲಿ ಇದೇ ನಾಟಕ ತಿರುಗುಮುರುಗಾಗಿ ನಡೆಯುತ್ತದೆ. ಅಲ್ಲಿ ಕಪ್ಪು ಬಂದರೆ ಬೆಲೆಯಿಲ್ಲ, ಹೊಂಬಣ್ಣ ಬರಲೆಂದು ಬೆಲ್ಲಕ್ಕೆ ಹೈಡ್ರೋಸ್ ಎಂಬ ಬಣ್ಣಗಳೆಯುವ ಪುಡಿ ಹಾಕುತ್ತಾರೆ.

ಮಾಗಿದ್ದು ಒಳ್ಳೆಯದು, ಬಳಿದದ್ದು ಕೆಟ್ಟದ್ದು ಎಂಬ ಭಾವನೆ ಇಷ್ಟು ಓದಿದವರಿಗೆ ಬಂದಿರಬಹುದು. ನಾಲಿಗೆ, ಮೂಗಿನ ಮಟ್ಟಿಗೆ ಸರಿ. ಶ್ವಾಸಕೋಶಕ್ಕೆ, ಬಾಯಿಗೆ ಆ ಭೇದ ತಿಳಿಯುವುದಿಲ್ಲ. ಎಲೆ ಒಣಗುವಾಗ, ಹುದುಗುವಾಗ ಕೆಲವು ಬ್ಯಾಕ್ಟೀರಿಯಾಗಳು ಅದರೊಳಗಿನ ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ. ಆ ನೈಟ್ರೈಟ್, ನಿಕೋಟಿನ್ ಮತ್ತು ಅದರ ಬಂಧುಗಳ ಜೊತೆ ಸೇರಿ ನೈಟ್ರೋಸಮೀನ್‌ಗಳಾಗುತ್ತದೆ. ಇವುಗಳಲ್ಲಿ ಕೆಲವು ಕ್ಯಾನ್ಸರ್ ತರುವುದು ಖಚಿತವಾಗಿದೆ. ಪರಿಮಳ ಕೊಟ್ಟ ಮೆದೆಯೇ ಇದನ್ನೂ ಕೊಡುತ್ತದೆ, ಯಾವ ಬಣ್ಣವನ್ನೂ ಬಳಿಯದೆ. ನಮ್ಮ ಕೆಂಪಡಿಕೆಯೂ ಹಿಂದೆ ಬಿದ್ದಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಮೊದಲ ಗುಂಪಿನ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿದೆ. ಇದನ್ನು ಅಡಿಕೆ ಬೆಳೆಗಾರರ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ ಎಂಬುದೂ ಗೊತ್ತಿದೆ.

ಕಾಗದದ ಎರಡು ಪಟ್ಟಿಗಳನ್ನು ಅಳಿಯ ಫೋಟೋ ತೆಗೆದುಕೊಂಡ. ಉಳಿದ ಸಿಗಾರುಗಳನ್ನು ಏನು ಮಾಡಿದನೋ ಹೇಳಲಿಲ್ಲ, ನಾನೂ ಕೇಳಲಿಲ್ಲ. ಲೋಟದ ನೀರನ್ನು ಬಚ್ಚಲಿಗೆ ಚೆಲ್ಲಲು ಹೊರಟಾಗ ಅಮ್ಮ ತಡೆದಳು. "ಹೊಗೆಸೊಪ್ಪಿನ ನೀರು ತಾನೆ? ಇಲ್ಲಿ ಕೊಡು" ಎಂದು ಎರಡನ್ನೂ ಒಂದೇ ಚೊಂಬಿಗೆ ಸುರಿದು, ಒಂದು ಚೂರು ಸೋಪು ಕದಡಿ, ಹಿತ್ತಿಲ ಅವರೆ ಚಪ್ಪರದ ಕಡೆ ನಡೆದಳು. ಕುಡಿಗಳಿಗೆಲ್ಲ ಹೇನು ಮುತ್ತಿತ್ತು.